ಗೇರ್‌ಬಾಕ್ಸ್ ಇಳಿಸೋ ಮುಂಚೆ ಈ ಪುಟ್ಟ ಸ್ಕ್ಯಾನರ್ ಹಾಕಿ ನೋಡಿ: ಹಳೇ ಆಟೋಮ್ಯಾಟಿಕ್ ಕಾರು ಇರುವವರಿಗೆ

ವಿಗೇಟ್ ಐಕಾರ್ ಪ್ರೊ ಅನ್ನೋ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಬಗ್ಗೆ ಬರೆಯುತ್ತಿದ್ದೇನೆ. ಓಬಿಡಿ ಅಂದರೆ ಕಾರಿನ ಕಂಪ್ಯೂಟರ್ ತಾನೇ ದೋಷ ಹುಡುಕಿ ಕೋಡ್ ಆಗಿ ಬರೆದಿಡುವ ವ್ಯವಸ್ಥೆ, ಈ ಸ್ಕ್ಯಾನರನ್ನ ಕಾರಿನ ಸಾಕೆಟ್ಟಿಗೆ ಚುಚ್ಚಿದರೆ ಆ ಕೋಡುಗಳನ್ನ ಫೋನಿನಲ್ಲಿ ನೋಡಬಹುದು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕದು. ಏಳು ತಿಂಗಳಿಂದ ನನ್ನ ಹತ್ತಿರ ಇದೆ, ನನಗೆ ಬಿದ್ದದ್ದು 2,300 ರೂಪಾಯಿ. ಇದು ಇಲ್ಲದೆ ಹೋಗಿದ್ದರೆ ನಮ್ಮ ಗಾಡಿಯ ಗೇರ್‌ಬಾಕ್ಸ್ ಕೆಳಗಿಳಿಸಿ, ಬಿಚ್ಚಿ, 85,000 ರೂಪಾಯಿ ಬಿಲ್ ಕೈಗೆ ಬಂದಿರುತ್ತಿತ್ತು. ಅದಕ್ಕೇ ಸ್ಟಾರ್ ಕೊಟ್ಟು ಸುಮ್ಮನಾಗದೆ ಕೂತು ಪೂರ್ತಿ ಬರೆಯುತ್ತಿದ್ದೇನೆ. ಸ್ಕ್ಯಾನರ್ ಒಂದರ ಕತೆ ಹೇಳಿದರೆ ಸಾಲದು, ಅದನ್ನ ಹೇಗೆ ಬಳಸಬೇಕು ಅನ್ನೋದೂ ಬೇಕು, ಯಾಕಂದರೆ ಬಳಸೋದು ಗೊತ್ತಿಲ್ಲದಿದ್ದರೆ ಅದು ಬರೀ ಒಂದು ಕೋಡ್ ತೋರಿಸಿ ನಿಮ್ಮನ್ನ ಇನ್ನೂ ಹೆದರಿಸುತ್ತದೆ ಅಷ್ಟೇ.

ನಮ್ಮದು 2011ರ ಸಣ್ಣ ಕಾರು. ನಾಲ್ಕು ಗೇರಿನ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಎಂಜಿನ್ ಸುತ್ತನ್ನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವಂಥದ್ದು. ಓಡಿರುವುದು 92,000 ಕಿಲೋಮೀಟರ್. ಅಪ್ಪನ ಎಡ ಮೊಣಕಾಲು ಹೋದ ಮೇಲೆ ಕ್ಲಚ್ ತುಳಿಯೋಕೆ ಆಗಲ್ಲ ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡದ್ದು. ಅವರಿಗೆ ಈ ಗಾಡಿ ಅಂದರೆ ಯಾರ ಹತ್ತಿರವೂ ಕೇಳದೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗಿ ತೋಟ ನೋಡಿ ಬರುವ ಸ್ವಾತಂತ್ರ್ಯ. ಗಾಡಿಯ ಬೆಲೆ ಇವತ್ತು ಎರಡು ಲಕ್ಷ ಬಂದರೆ ಹೆಚ್ಚು. ಅದಕ್ಕೆ 85,000 ಹಾಕೋದು ಹೇಗೆ ಅಂತ ಅಪ್ಪ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ತೊಂದರೆ ಶುರುವಾದದ್ದು ಆಗುಂಬೆ ಘಾಟಿಯಲ್ಲಿ. ಉಡುಪಿಯಿಂದ ವಾಪಸ್ ಬರುತ್ತಿದ್ದೆವು. ಸೋಮೇಶ್ವರ ದಾಟಿ ಹತ್ತೋಕೆ ಶುರು ಮಾಡಿದೆವು, ಹದಿನಾಲ್ಕು ತಿರುವಿನಲ್ಲಿ ನಾಲ್ಕೋ ಐದೋ ಆಗಿರಬೇಕು. ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಧಡ್ ಅಂತ ಒಂದು ಪೆಟ್ಟು. ಆಮೇಲೆ ಗಾಡಿಗೆ ಪಿಕಪ್ಪೇ ಇಲ್ಲ. ಮ್ಯಾನುಯಲ್ ಗಾಡಿಯನ್ನ ಮೂರನೇ ಗೇರಿನಲ್ಲೇ ಇಟ್ಟು ಏರು ಹತ್ತಿಸಿದರೆ ಹೇಗೆ ಏದುಸಿರು ಬಿಡುತ್ತದೆ, ಹಾಗೆ. ಹಿಂದೆ ಬಸ್ ಬೇರೆ. ಅಮ್ಮ ಹಿಂದಿನ ಸೀಟಲ್ಲಿ ಕೈಹಿಡಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ಲೈಟು ಹತ್ತಿತ್ತು. ಅಗಲವಾದ ಜಾಗ ಸಿಕ್ಕಿದ ಕೂಡಲೇ ಪಕ್ಕಕ್ಕೆ ಹಾಕಿದೆ. ಹತ್ತು ನಿಮಿಷ ಬಿಟ್ಟು ಕೀ ಆಫ್ ಆನ್ ಮಾಡಿದರೆ ಗಾಡಿ ಮೊದಲಿನ ಹಾಗೆ! ಎರಡು ತಿರುವು ಹೋದ ಮೇಲೆ ಮತ್ತೆ ಅದೇ ಪೆಟ್ಟು, ಅದೇ ಮೂರನೇ ಗೇರು.

ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಗೇರ್‌ಬಾಕ್ಸಿಗೆ ಅದರದ್ದೇ ಒಂದು ಕಂಪ್ಯೂಟರ್ ಇದೆ, ಟಿಸಿಎಂ ಅಂತ. ಯಾವುದಾದರೂ ಸೆನ್ಸರ್ ಕೊಡುವ ಲೆಕ್ಕ ತಾಳೆಯಾಗದಿದ್ದರೆ ಅದು ಗೇರ್ ಬದಲಿಸೋದನ್ನ ನಿಲ್ಲಿಸಿ ಒಂದೇ ಗೇರಿಗೆ ಕಟ್ಟಿಹಾಕುತ್ತದೆ. ನಿಧಾನಕ್ಕೆ ಕುಂಟಿಕೊಂಡಾದರೂ ಮನೆ ಸೇರು ಅನ್ನೋದಕ್ಕೆ. ಅಂದರೆ ಲಿಂಪ್ ಮೋಡ್‌ಗೆ ಹೋಯಿತು ಅಂದ ಮಾತ್ರಕ್ಕೆ ಗೇರ್‌ಬಾಕ್ಸ್ ಒಳಗೆ ಏನೋ ಸುಟ್ಟುಹೋಯಿತು ಅಂತ ಅರ್ಥ ಅಲ್ಲ. ಇದು ನನಗೆ ಆಮೇಲೆ ಗೊತ್ತಾದದ್ದು. ಆ ದಿನ ನಾನೂ ಹೆದರಿದ್ದೆ.

ಮರುದಿನ ಒಂದು ಗ್ಯಾರೇಜಿಗೆ ಬಿಟ್ಟೆವು. ಹೆಸರು ಬೇಡ. ಅವರು ಸ್ಕ್ಯಾನ್ ಮಾಡಿದರು, "ಟ್ರಾನ್ಸ್‌ಮಿಷನ್ ಕೋಡ್ ಬರ್ತಿದೆ ಸರ್, ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಬೇಕು" ಅಂದರು. ಯಾವ ಕೋಡ್ ಅಂತ ಕೇಳಿದರೆ ಜಾಬ್ ಕಾರ್ಡಿನಲ್ಲಿ ಬರೆದಿರಲಿಲ್ಲ. ಗೇರ್ ಆಯಿಲ್ ನೋಡಿದ್ರಾ ಅಂದರೆ "ಅದೆಲ್ಲ ಬಿಚ್ಚಿದ ಮೇಲೆ" ಅಂದರು. ನನಗೆ ಬೇಜಾರಾದದ್ದು ಈ ಮಾತಿಗೆ. ಆಯಿಲ್ ಮಟ್ಟ ತೋರಿಸುವ ಕಡ್ಡಿ ಎಳೆದು ಒರೆಸಿ ನೋಡೋಕೆ ಎರಡು ನಿಮಿಷ ಸಾಕು, ಗೇರ್‌ಬಾಕ್ಸ್ ಇಳಿಸೋಕೆ ಎರಡು ದಿನ ಬೇಕು. ಎರಡು ನಿಮಿಷದ ಕೆಲಸ ಬಿಟ್ಟು ಎರಡು ದಿನದ ಕೆಲಸಕ್ಕೆ ಕೈ ಹಾಕುತ್ತೇವೆ ಅಂದರೆ ನಂಬೋದು ಹೇಗೆ? ಗಾಡಿ ವಾಪಸ್ ತಂದೆ.

ಈಗ ಸ್ಕ್ಯಾನರ್ ವಿಷಯ. ಮೊದಲು ನಾನು ತೆಗೆದುಕೊಂಡದ್ದು ಇದನ್ನಲ್ಲ. ಎಲ್ಲಾ ಕಡೆ ಸಿಗುವ ನೀಲಿ ಬಣ್ಣದ, ಮೇಲೆ ಇಎಲ್‌ಎಂ327 ಅಂತ ಬರೆದಿರುವ, 400 ರೂಪಾಯಿಯ ಒಂದು ಸಣ್ಣ ಡಬ್ಬಿ. ಇಎಲ್‌ಎಂ327 ಅನ್ನೋದು ನಿಜಕ್ಕೂ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ್ದ ಚಿಪ್. ಆ ಕಂಪನಿ 2022ರಲ್ಲಿ ಮುಚ್ಚಿತು. ಮಾರ್ಕೆಟ್‌ನಲ್ಲಿ ಅದೇ ಹೆಸರು ಹೊತ್ತು ಅಗ್ಗಕ್ಕೆ ಸಿಗುವುದೆಲ್ಲ ಹೆಚ್ಚುಕಮ್ಮಿ ನಕಲು. "ವರ್ಷನ್ 1.5" ಅಂತ ಹಾಕಿ ಮಾರುತ್ತಾರಲ್ಲ, ಆ ವರ್ಷನ್ನನ್ನ ಎಲ್ಮ್ ಕಂಪನಿ ಹೊರಗೇ ಬಿಟ್ಟಿರಲಿಲ್ಲ. ನನ್ನ ನೀಲಿ ಡಬ್ಬಿ ಎಂಜಿನ್ ಕಂಪ್ಯೂಟರ್ ಜೊತೆ ಮಾತಾಡಿತು, ಪಿ0700 ಅಂತ ಒಂದು ಕೋಡ್ ತೋರಿಸಿತು, ಅಷ್ಟಕ್ಕೇ ನಿಂತಿತು. ಪಿ0700 ಅಂದರೆ "ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ದೂರು ಹೇಳುತ್ತಿದೆ, ಅದನ್ನೇ ಕೇಳಿ" ಅಂತ ಎಂಜಿನ್ ಕಂಪ್ಯೂಟರ್ ಕೈ ತೋರಿಸೋದು. ದೂರು ಏನು ಅಂತ ಅದರಲ್ಲಿ ಇರೋದಿಲ್ಲ. ಗ್ಯಾರೇಜಿನವರೂ ಬಹುಶಃ ಇಲ್ಲಿಗೇ ನಿಲ್ಲಿಸಿದ್ದರು ಅಂತ ನನ್ನ ಅಂದಾಜು.

ಆಮೇಲೆ ಇದನ್ನ ತರಿಸಿದೆ. ಇದರ ಜೊತೆ ಕಾರ್ ಸ್ಕ್ಯಾನರ್ ಅನ್ನೋ ಆ್ಯಪ್ ಹಾಕಿಕೊಂಡೆ. ಈ ಆ್ಯಪ್‌ನಲ್ಲಿ ಕಂಪನಿವಾರು ಪ್ರೊಫೈಲ್ ಇದೆ. ನಿಮ್ಮ ಗಾಡಿ ಆರಿಸಿಕೊಂಡರೆ ಎಂಜಿನ್ ಅಷ್ಟೇ ಅಲ್ಲ, ಗೇರ್‌ಬಾಕ್ಸ್, ಎಬಿಎಸ್ ಕಂಪ್ಯೂಟರುಗಳನ್ನೂ ಕೇಳಿ ನೋಡುತ್ತದೆ. ಎಲ್ಲ ಗಾಡಿಯಲ್ಲೂ ಉತ್ತರ ಸಿಗುತ್ತದೆ ಅಂತ ಇಲ್ಲ, ನಮ್ಮದರಲ್ಲಿ ಸಿಕ್ಕಿತು. ಟಾರ್ಕ್ ಪ್ರೊ ಆ್ಯಪ್ ಕೂಡ ಇದಕ್ಕೆ ಕೂರುತ್ತದೆ, ಆದರೆ ಅದರಲ್ಲಿ ಗೇರ್‌ಬಾಕ್ಸಿನ ಲೆಕ್ಕಗಳನ್ನ ನಾವೇ ಸೇರಿಸಿಕೊಳ್ಳಬೇಕು, ಹೊಸಬರಿಗೆ ತಲೆನೋವು. ಐಫೋನ್ ಇರುವವರು ಒಂದು ಗಮನಿಸಿ. ಹಳೇ ಬಗೆಯ ಬ್ಲೂಟೂತ್ ಡಬ್ಬಿಗಳು ಐಫೋನಿಗೆ ಕೂರೋದಿಲ್ಲ. ಐಕಾರ್ ಪ್ರೊದಲ್ಲಿ ಬ್ಲೂಟೂತ್ 4.0 ಇರುವುದನ್ನೋ ವೈಫೈ ಇರುವುದನ್ನೋ ನೋಡಿ ತೆಗೆದುಕೊಳ್ಳಿ. ಆಂಡ್ರಾಯ್ಡಿನಲ್ಲಿ ಪಿನ್ ಕೇಳಿದರೆ 1234 ಅಥವಾ 0000 ಹಾಕಿ ನೋಡಿ.

ತೆಗೆದುಕೊಳ್ಳೋ ಮುಂಚೆ ನಿಮ್ಮ ಗಾಡಿಗೆ ಇದು ಆಗುತ್ತಾ ಅಂತ ನೋಡಿಕೊಳ್ಳಿ. ಅಮೆರಿಕದಲ್ಲಿ 1996ರಿಂದಲೇ ಓಬಿಡಿ-2 ಕಡ್ಡಾಯ, ಹಾಗಾಗಿ ಅಲ್ಲಿ ಹಳೇ ಕಾರು ಇಟ್ಟುಕೊಂಡಿರುವ ನಮ್ಮವರಿಗೆ ಯೋಚನೆ ಇಲ್ಲ. ನಮ್ಮಲ್ಲಿ ಬಿಎಸ್-4 ಹೊಗೆ ನಿಯಮದ ಜೊತೆ 2010ರಲ್ಲಿ ಓಬಿಡಿಯ ಮೊದಲ ಹಂತ, 2013ರ ಏಪ್ರಿಲ್‌ನಿಂದ ಓಬಿಡಿ-2. ಅದಕ್ಕಿಂತ ಹಳೇ ಗಾಡಿಗಳಲ್ಲೂ ಎಷ್ಟೋ ಕಡೆ ಹದಿನಾರು ಪಿನ್ನಿನ ಸಾಕೆಟ್ ಇದೆ, ನಮ್ಮದರಲ್ಲಿ ಇತ್ತು, ಕೆಲಸವೂ ಮಾಡಿತು. ಡ್ರೈವರ್ ಸೀಟಲ್ಲಿ ಕೂತು ಸ್ಟೇರಿಂಗ್ ಕೆಳಗೆ ಕೈ ಆಡಿಸಿದರೆ ಸಿಗುತ್ತದೆ. ಸಿಗದಿದ್ದರೆ ಫೋನಿನ ಟಾರ್ಚ್ ಹಾಕಿ ಬಗ್ಗಿ ನೋಡಿ.

ಇನ್ನೊಂದು. ನಾನು ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಹಳೇ ಬಗೆಯ ಆಟೋಮ್ಯಾಟಿಕ್ ಬಗ್ಗೆ. 2014ರ ಸೆಲೆರಿಯೊದಿಂದ ನಮ್ಮಲ್ಲಿ ಜಾಸ್ತಿಯಾದ ಎಎಂಟಿ ಬೇರೆ ಜಾತಿ. ಅದರಲ್ಲಿ ಮಾಮೂಲಿ ಕ್ಲಚ್ಚು, ಮಾಮೂಲಿ ಗೇರ್‌ಬಾಕ್ಸು ಇರುತ್ತದೆ, ನಮ್ಮ ಕಾಲು ಕೈ ಮಾಡುವ ಕೆಲಸವನ್ನ ಒಂದು ಯಂತ್ರ ಮಾಡುತ್ತದೆ. ಸಿವಿಟಿಯಲ್ಲಿ ಗೇರುಗಳೇ ಇಲ್ಲ, ಬೆಲ್ಟು. ಎಲ್ಲದಕ್ಕೂ ನಾವು ಆಟೋಮ್ಯಾಟಿಕ್ ಅಂತಲೇ ಕರೆಯುವುದರಿಂದ ಗೊಂದಲ ಆಗುತ್ತದೆ.

ಸ್ಕ್ಯಾನರ್ ಬಂದರೂ ಮೊದಲು ನಾನು ನೋಡಿದ್ದು ಆಯಿಲ್. ಇದನ್ನ ಬಿಡಬೇಡಿ ದಯವಿಟ್ಟು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಓಡೋದೇ ಆಯಿಲ್ ಒತ್ತಡದ ಮೇಲೆ. ಆಯಿಲ್ ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತದೆ, ಗೇರುಗಳನ್ನ ಹಿಡಿದಿಡುವ ಒಳಗಿನ ಕ್ಲಚ್ಚುಗಳು ಬಿಗಿಯಾಗಿ ಹಿಡಿಯೋದಿಲ್ಲ, ಎಂಜಿನ್ ಕೂಗುತ್ತದೆ ಗಾಡಿ ಹೋಗಲ್ಲ. ಜಾಸ್ತಿ ತುಂಬಿದರೂ ನೊರೆಯೆದ್ದು ಅದೇ ಗತಿ. ನೋಡುವ ಕ್ರಮ ಒಂದೊಂದು ಕಂಪನಿಗೆ ಒಂದೊಂದು. ಟೊಯೊಟಾದ ಹಳೇ ಗಾಡಿಗಳಲ್ಲಿ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಗೇರ್ ಲಿವರನ್ನ ಪಾರ್ಕಿನಲ್ಲಿಟ್ಟು (ಪಿ) ಕಡ್ಡಿ ಎಳೆಯಬೇಕು. ಹೋಂಡಾದಲ್ಲಿ ಬಿಸಿ ಮಾಡಿ, ಆಫ್ ಮಾಡಿ, ಒಂದು ಒಂದೂವರೆ ನಿಮಿಷದೊಳಗೆ ನೋಡಬೇಕು. ತಪ್ಪು ಕ್ರಮದಲ್ಲಿ ನೋಡಿ ಕಮ್ಮಿ ಇದೆ ಅಂತ ಸುರಿದುಬಿಟ್ಟರೆ ಹೊಸ ತೊಂದರೆ. ಗಾಡಿಯ ಪುಸ್ತಕ ತೆಗೆದು ಓದಿ. ಕಡ್ಡಿಯೇ ಇಲ್ಲದ ಗಾಡಿಗಳೂ ಇವೆ, ಅವನ್ನ ಕೆಳಗಿನಿಂದಲೇ ನೋಡಬೇಕು, ಮನೆಯಲ್ಲಿ ಬರೀ ಜಾಕ್ ಮೇಲೆ ನಿಲ್ಲಿಸಿ ಗಾಡಿ ಕೆಳಗೆ ಯಾರೂ ತೂರಬೇಡಿ.

ಕಡ್ಡಿಯನ್ನ ಬಿಳಿ ಬಟ್ಟೆಗೆ ಒರೆಸಿ. ಹಳೇ ಪಂಚೆ ತುಂಡು ಒಳ್ಳೆಯದು, ಬಣ್ಣ ಚೆನ್ನಾಗಿ ಕಾಣುತ್ತದೆ. ಹೊಸ ಆಯಿಲ್ ಸಾಮಾನ್ಯವಾಗಿ ದಾಳಿಂಬೆ ರಸದ ಹಾಗೆ ಕೆಂಪು. ಹಳೆಯದಾದರೆ ಕಂದು. ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ, ಬೆರಳಲ್ಲಿ ಉಜ್ಜಿದಾಗ ಪುಡಿ ಸಿಕ್ಕಿದರೆ, ಕ್ಲಚ್ಚು ಸವೆದಿದೆ ಅಂತ ಅನುಮಾನ ಪಡಬೇಕು. ಸ್ಟ್ರಾಬೆರಿ ಮಿಲ್ಕ್‌ಶೇಕ್ ಹಾಗೆ ತೆಳು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಎಷ್ಟೋ ಗಾಡಿಗಳಲ್ಲಿ ಗೇರ್ ಆಯಿಲ್ ತಣ್ಣಗಾಗೋದು ರೇಡಿಯೇಟರ್ ಒಳಗೇ ಹಾದುಹೋಗಿ, ಅಲ್ಲಿ ತೂತಾದರೆ ಎರಡೂ ಬೆರೆಯುತ್ತವೆ. ಹಾಗಿದ್ದರೆ ಗಾಡಿ ಓಡಿಸಲೇಬೇಡಿ. ನಮ್ಮದು ಕಂದು ಬಣ್ಣಕ್ಕೆ ಬಂದಿತ್ತು, ಸುಟ್ಟ ವಾಸನೆ ಇರಲಿಲ್ಲ, ಮಟ್ಟ ಎರಡು ಗುರುತಿನ ಮಧ್ಯೆ ಸರಿಯಾಗಿ ನಿಂತಿತ್ತು. ಅಪ್ಪ ಬಟ್ಟೆ ಮೂಗಿಗೆ ಹಿಡಿದು "ಏನೂ ಆಗಿಲ್ಲ ಕಣೋ ಇದಕ್ಕೆ" ಅಂದರು. ಆ ಮಾತಿಗೆ ಅರ್ಧ ಧೈರ್ಯ ಬಂತು.

ಬ್ಯಾಟರಿಯನ್ನೂ ನೋಡಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು, ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಸೊರಗಿದ ಬ್ಯಾಟರಿಗೂ ಗೇರ್‌ಬಾಕ್ಸ್ ಕಂಪ್ಯೂಟರ್ ಏನೇನೋ ಕೋಡ್ ಎಸೆಯುತ್ತದೆ. ವೋಲ್ಟೇಜನ್ನ ಈ ಸ್ಕ್ಯಾನರೇ ತೋರಿಸುತ್ತದೆ, ಮೀಟರ್ ಬೇಕಿಲ್ಲ.

ಆಮೇಲೆ ಕೋಡ್. ಇಗ್ನಿಷನ್ ಆನ್ ಮಾಡಿ, ಆ್ಯಪ್ ತೆರೆದು, ಟಿಸಿಎಂ ಕೇಳಿದೆ. ಪಿ0717 ಬಂತು. ಗೇರ್‌ಬಾಕ್ಸಿಗೆ ಬರುವ ಸುತ್ತನ್ನ ಅಳೆಯುವ ಇನ್‌ಪುಟ್ ಸ್ಪೀಡ್ ಸೆನ್ಸರಿನಿಂದ ಸಿಗ್ನಲ್ ಬರುತ್ತಿಲ್ಲ ಅಂತ ಇದರ ಅರ್ಥ. ಅದರ ಜೊತೆ ಫ್ರೀಜ್ ಫ್ರೇಮ್ ಅಂತ ಒಂದು ಪುಟ ಇರುತ್ತದೆ, ತಪ್ಪು ಆದ ಆ ಕ್ಷಣಕ್ಕೆ ಗಾಡಿ ಹೇಗಿತ್ತು ಅನ್ನೋ ಫೋಟೊ ಇದ್ದ ಹಾಗೆ. ವೇಗ 24, ಎಂಜಿನ್ 2,300 ಆರ್‌ಪಿಎಂ, ಲೋಡ್ ಜಾಸ್ತಿ. ಅಂದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೇ. ಇಲ್ಲಿ ಒಂದು ಮಾತು ಕೈಮುಗಿದು ಹೇಳುತ್ತೇನೆ: ಕೋಡ್ ಕಂಡ ತಕ್ಷಣ ಅಳಿಸುವ ಬಟನ್ ಒತ್ತಬೇಡಿ. ಅಳಿಸಿದರೆ ಈ ಫ್ರೀಜ್ ಫ್ರೇಮೂ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚಿದರೂ ಹೋಗುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ಬೇಕಾದರೆ ಅಳಿಸಿ.

ಕೋಡ್ ಸಿಕ್ಕಿತು ಅಂತ ಸೆನ್ಸರ್ ಆರ್ಡರ್ ಮಾಡೋಕೂ ಹೋಗಬೇಡಿ. ನಾನು ಹೋಗಿದ್ದೆ, ಕಾರ್ಟಿಗೂ ಹಾಕಿದ್ದೆ. "ಸಿಗ್ನಲ್ ಬರುತ್ತಿಲ್ಲ" ಅಂದರೆ ಸೆನ್ಸರ್ ಸತ್ತಿರಬಹುದು, ವೈರ್ ಚುಚ್ಚುವ ಕಪ್ಲರ್ ಸಡಿಲ ಇರಬಹುದು, ವೈರ್ ತುಂಡಾಗಿರಬಹುದು, ಇಲಿ ಕಡಿದಿರಬಹುದು. ನಮ್ಮ ಮಲೆನಾಡಿನ ಕಡೆ ಮಳೆಗಾಲದಲ್ಲಿ ಬೆಚ್ಚಗಿರುತ್ತೆ ಅಂತ ಇಲಿ ಬಾನೆಟ್ ಒಳಗೇ ಸಂಸಾರ ಹೂಡುತ್ತದೆ, ನಿಮಗೆಲ್ಲ ಗೊತ್ತೇ ಇದೆ.

ಈ ಸ್ಕ್ಯಾನರ್ ತನ್ನ ಬೆಲೆ ದುಡಿದುಕೊಟ್ಟದ್ದು ಇದರ ಮುಂದಿನ ಹಂತದಲ್ಲಿ, ಲೈವ್ ಡೇಟಾದಲ್ಲಿ. ಇನ್‌ಪುಟ್ ಸ್ಪೀಡ್ ಅಥವಾ ಟರ್ಬೈನ್ ಸ್ಪೀಡ್ ಅಂತ ಒಂದು ಲೆಕ್ಕ ಇರುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆಯಲ್ಲ, ಅದರಲ್ಲಿ ಆಯಿಲ್ ಮೂಲಕ ಎಂಜಿನ್ ಸುತ್ತು ಗೇರ್‌ಬಾಕ್ಸಿಗೆ ದಾಟುತ್ತದೆ. ಎದುರುಬದುರು ಎರಡು ಫ್ಯಾನ್ ಇಟ್ಟು ಒಂದನ್ನ ಹಚ್ಚಿದರೆ ಆ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಗೇರ್‌ಬಾಕ್ಸ್ ಕಡೆಯ ಫ್ಯಾನ್ ಎಷ್ಟು ತಿರುಗುತ್ತಿದೆ ಅನ್ನೋದೇ ಟರ್ಬೈನ್ ಸ್ಪೀಡ್. ಪಾರ್ಕಿನಲ್ಲಿ ಗಾಡಿ ಸ್ಟಾರ್ಟ್ ಇಟ್ಟರೆ ಅದಕ್ಕೆ ತಡೆಯಿಲ್ಲ, ಹಾಗಾಗಿ ಎಂಜಿನ್ ಜೊತೆಗೇ ತಿರುಗುತ್ತದೆ. ನಮ್ಮದರಲ್ಲಿ ಎಂಜಿನ್ 760, ಟರ್ಬೈನ್ 740. ಬ್ರೇಕ್ ತುಳಿದು ಡಿ (ಡ್ರೈವ್) ಗೆ ಹಾಕಿದರೆ ಚಕ್ರ ನಿಂತಿರೋದರಿಂದ ಟರ್ಬೈನೂ ನಿಂತು 0 ತೋರಿಸುತ್ತದೆ. ಅದು ಸರಿಯೇ, ಗಾಬರಿ ಬೇಡ. ಗಾಡಿ ಓಡುವಾಗ ಎಂಜಿನ್ ಸುತ್ತಿಗೂ ಟರ್ಬೈನ್ ಸುತ್ತಿಗೂ ಇರುವ ಅಂತರ ನೋಡುತ್ತಾ ಹೋಗಬೇಕು. ಒಂದೇ ವೇಗದಲ್ಲಿ ಹೈವೇನಲ್ಲಿ ಹೋಗುತ್ತಿರುವಾಗ ಕನ್ವರ್ಟರಿನ ಎರಡೂ ಕಡೆಯನ್ನ ನೇರ ಜೋಡಿಸುವ ಲಾಕಪ್ ಕ್ಲಚ್ ಹಿಡಿದರೆ ಎರಡೂ ಹೆಚ್ಚುಕಮ್ಮಿ ಸಮ ಆಗುತ್ತವೆ.

ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ಕೆಲಸಕ್ಕೆ ಕೂತೆವು. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಪಾರ್ಕಿನಲ್ಲಿ ಸ್ಟಾರ್ಟ್ ಇಟ್ಟೆ. ಅಪ್ಪ ಡ್ರೈವರ್ ಸೀಟಲ್ಲಿ ಫೋನ್ ಹಿಡಿದು ಕೂತರು. ನಾನು ಉಂಗುರ ತೆಗೆದು, ತೋಳು ಮಡಚಿ, ಬೆಲ್ಟು ಫ್ಯಾನುಗಳಿಂದ ದೂರ ಇರುವ ಕಡೆಯಿಂದ ಸೆನ್ಸರಿನ ವೈರ್ ಹುಡುಕಿದೆ. ಏರ್ ಫಿಲ್ಟರ್ ಡಬ್ಬಿಯ ಕೆಳಗೆ, ಬ್ಯಾಟರಿ ಕೂರುವ ತಟ್ಟೆಯ ಪಕ್ಕ ಅದು ಹಾದುಹೋಗಿತ್ತು. ಅಪ್ಪ ಒಳಗಿನಿಂದ ಕೂಗಿ ಹೇಳುತ್ತಿದ್ದರು, "ಏಳುನೂರ ನಲವತ್ತು... ಏಳುನೂರ ನಲವತ್ತೆರಡು... ಏಳುನೂರ ಮೂವತ್ತೊಂಬತ್ತು..." ಮೊದಲು ಕಪ್ಲರ್ ಅಲುಗಾಡಿಸಿದೆ. ಏನೂ ಆಗಲಿಲ್ಲ. ವೈರನ್ನ ಬೆರಳಲ್ಲಿ ಹಿಡಿದು ಗೇಣು ಗೇಣಾಗಿ ಮೇಲಕ್ಕೆ ಬಂದೆ, ಪ್ರತಿ ಕಡೆ ಸ್ವಲ್ಪ ಬಗ್ಗಿಸಿ ನೋಡುತ್ತಾ. ಬ್ಯಾಟರಿ ತಟ್ಟೆಯ ಅಂಚಿಗೆ ಬಂದಾಗ ಅಪ್ಪ ಜೋರಾಗಿ ಕೂಗಿದರು, "ಸೊನ್ನೆ! ಸೊನ್ನೆ ಬಂತು ಕಣೋ!" ಬಿಟ್ಟೆ. "ಏಳುನೂರ ನಲವತ್ತು." ಮತ್ತೆ ಎಳೆದೆ. "ಸೊನ್ನೆ."

ಮೇಲಿನ ಟೇಪು ಬಿಡಿಸಿ ನೋಡಿದರೆ ವೈರಿನ ಪ್ಲಾಸ್ಟಿಕ್ ತಟ್ಟೆಯ ಚೂಪು ಅಂಚಿಗೆ ಉಜ್ಜಿ ಉಜ್ಜಿ ಸವೆದಿತ್ತು. ಒಳಗಿನ ತಾಮ್ರದ ಎಳೆಗಳಲ್ಲಿ ಎರಡೋ ಮೂರೋ ಮಾತ್ರ ಉಳಿದಿದ್ದವು, ಹಸಿರು ಕಿಲುಬು ಹಿಡಿದಿತ್ತು. ಅದನ್ನ ಹಿಡಿದಿಡಬೇಕಿದ್ದ ಕ್ಲಿಪ್ ಮುರಿದಿತ್ತು, ಹಿಂದೆ ಯಾವಾಗಲೋ ಬ್ಯಾಟರಿ ಬದಲಿಸಿದಾಗ ಮುರಿದಿರಬೇಕು. ಎಂಜಿನ್ನನ್ನ ಅಲುಗದಂತೆ ಹಿಡಿದಿಡುವ ಮೌಂಟಿಂಗ್ ಕೂಡ ಸುಸ್ತಾಗಿತ್ತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಂದು ಕಡೆ ವಾಲುತ್ತದೆ, ವಾಲಿದಾಗ ವೈರ್ ಎಳೆಯುತ್ತದೆ, ಎಳೆದಾಗ ಸಿಗ್ನಲ್ ಕಟ್, ಗಾಡಿ ಮೂರನೇ ಗೇರಿಗೆ. ಶಿವಮೊಗ್ಗದ ಸಮತಟ್ಟು ರಸ್ತೆಯಲ್ಲಿ ಒಂದು ಸಲವೂ ಆಗದೆ ಘಾಟಿಯಲ್ಲೇ ಯಾಕೆ ಆಯಿತು ಅನ್ನೋದಕ್ಕೆ ಉತ್ತರ ಸಿಕ್ಕಿತು. ಆಫ್ ಆನ್ ಮಾಡಿದಾಗ ಯಾಕೆ ಸರಿಹೋಗುತ್ತಿತ್ತು ಅನ್ನೋದಕ್ಕೂ.

ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಅವನು ಆ ತುಂಡು ಕತ್ತರಿಸಿ, ಹೊಸ ವೈರ್ ಸೇರಿಸಿ ಬೆಸುಗೆ ಹಾಕಿ, ಸ್ಲೀವ್ ಏರಿಸಿ ಬಿಸಿ ಮಾಡಿ ಕೂರಿಸಿದ. ಸ್ವಲ್ಪ ಉದ್ದ ಸಡಿಲ ಬಿಟ್ಟು ಕ್ಲಿಪ್ ಹಾಕಿದ. 250 ರೂಪಾಯಿ. ಮೌಂಟಿಂಗ್ ಆಮೇಲೆ ಬದಲಿಸಿದೆವು, ಅದರ ಖರ್ಚು ಬೇರೆ. ಕೋಡ್ ಅಳಿಸಿ ಅದೇ ವಾರ ಆಗುಂಬೆಗೆ ಹೋಗಿ ಘಾಟಿ ಇಳಿದು ಮತ್ತೆ ಹತ್ತಿ ಬಂದೆವು. ಫೋನ್ ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಪಕ್ಕದಲ್ಲಿ ಕೂತ ತಮ್ಮನಿಗೆ ನೋಡೋಕೆ ಹೇಳಿದ್ದೆ, ಓಡಿಸುವವರು ನೋಡಬೇಡಿ. ಹದಿನಾಲ್ಕೂ ತಿರುವು. ಒಂದು ಸಲವೂ ಸೊನ್ನೆ ಬರಲಿಲ್ಲ.

ಎಲ್ಲರ ಗಾಡಿಯಲ್ಲೂ ವೈರೇ ಆಗಿರುತ್ತದೆ ಅಂತ ನಾನು ಹೇಳುತ್ತಿಲ್ಲ. ನಿಜವಾಗಲೂ ಒಳಗೆ ಹೋಗಿರುವ ಗೇರ್‌ಬಾಕ್ಸುಗಳೂ ಇರುತ್ತವೆ, ಅದರ ಲಕ್ಷಣ ಬೇರೆ. ನ್ಯೂಟ್ರಲ್‌ನಿಂದ ಡಿ ಗೆ ಹಾಕಿದ ಮೇಲೆ ಗಾಡಿ ಹಿಡಿದುಕೊಳ್ಳೋಕೆ ಒಂದು ಸೆಕೆಂಡು ಚಿಲ್ಲರೆ ಸಾಕು. ಎರಡು ಮೂರು ಸೆಕೆಂಡು ಕಾಯಿಸಿ ಆಮೇಲೆ ಧಡ್ ಅಂದರೆ ಒತ್ತಡ ಕಮ್ಮಿ ಇದೆ, ಮೊದಲು ಆಯಿಲ್ ಮಟ್ಟ ನೋಡಿ. ಎಲ್ಲಾ ಗೇರಿನಲ್ಲೂ ಜಾರುತ್ತಿದ್ದರೆ (ಎಂಜಿನ್ ಕೂಗಿದರೂ ಗಾಡಿ ಹೋಗದಿದ್ದರೆ) ಆಯಿಲ್, ಫಿಲ್ಟರ್ ಅಥವಾ ಪಂಪು. ಒಂದೇ ಗೇರಿನಲ್ಲಿ ಜಾರಿದರೆ ಆ ಗೇರಿನ ಕ್ಲಚ್ಚು ಇಲ್ಲಾ ಅದರ ಸೊಲೆನಾಯ್ಡ್ (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ಕವಾಟ). 60-80 ವೇಗದಲ್ಲಿ ಹಗುರವಾಗಿ ಒತ್ತಿದಾಗ ರಸ್ತೆ ಉಬ್ಬುತಗ್ಗಿನ ಮೇಲೆ ಹೋದ ಹಾಗೆ ನಡುಗಿದರೆ ಲಾಕಪ್ ಕ್ಲಚ್. ಪಿ0730 ಬಂದರೆ ಮಾತ್ರ ಹುಷಾರಾಗಿ, ಗೇರ್ ಲೆಕ್ಕ ತಾಳೆಯಾಗುತ್ತಿಲ್ಲ ಅಂತ, ಒಳಗೆ ಜಾರುತ್ತಿರುವ ಸಾಧ್ಯತೆ ಜಾಸ್ತಿ. ಪಿ0750, ಪಿ0755 ಸೊಲೆನಾಯ್ಡುಗಳದ್ದು. ಎಷ್ಟೋ ಗಾಡಿಗಳಲ್ಲಿ ಸೊಲೆನಾಯ್ಡ್ ಬದಲಿಸೋಕೆ ಕೆಳಗಿನ ತಟ್ಟೆ ಅಥವಾ ಪಕ್ಕದ ಮುಚ್ಚಳ ಬಿಚ್ಚಿದರೆ ಸಾಕು, ಇಡೀ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಇದನ್ನ ಎಸ್ಟಿಮೇಟ್ ಕೊಡುವವರ ಹತ್ತಿರ ಬಾಯಿಬಿಟ್ಟು ಕೇಳಿ.

ಈ ಸ್ಕ್ಯಾನರಿಗೆ ಕಾಣದ್ದೂ ಬೇಕಾದಷ್ಟಿದೆ. ಆಯಿಲ್ ಒತ್ತಡ ಎಷ್ಟಿದೆ ಅಂತ ನಮ್ಮಂಥ ಹಳೇ ಗಾಡಿಯಲ್ಲಿ ಇದು ಹೇಳೋದಿಲ್ಲ, ಅದಕ್ಕೆ ಪ್ರೆಶರ್ ಗೇಜ್ ಹಾಕಿಯೇ ನೋಡಬೇಕು. ಕ್ಲಚ್ ಎಷ್ಟು ಸವೆದಿದೆ ಅನ್ನೋದು ಕಾಣಲ್ಲ. ಬ್ರೇಕ್ ತುಳಿದು ಡಿ ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತುವ ಸ್ಟಾಲ್ ಟೆಸ್ಟ್ ಅಂತ ಒಂದಿದೆ, ಮನೆಯಲ್ಲಿ ದಯವಿಟ್ಟು ಮಾಡಬೇಡಿ. ಕೆಲವೇ ಸೆಕೆಂಡಿನಲ್ಲಿ ಆಯಿಲ್ ಕುದಿಯುವಷ್ಟು ಬಿಸಿಯಾಗುತ್ತದೆ, ಬ್ರೇಕ್ ಹಿಡಿಯದಿದ್ದರೆ ಎದುರಿನ ಗೋಡೆಗೆ ಗಾಡಿ.

ಪ್ರೊಫೈಲ್ ಹೊಂದದ ಗಾಡಿಯಲ್ಲಿ ಟರ್ಬೈನ್ ಸ್ಪೀಡ್ ಸಿಗದೆಯೂ ಇರಬಹುದು. ನನ್ನ ಭಾವನ ಹಳೇ ಸೆಡಾನಿನಲ್ಲಿ ಹಾಗೇ ಆಯಿತು, ಬರೀ ಎಂಜಿನ್ ಲೆಕ್ಕ ಬಂತು. ಆಗಲೂ ಪೂರ್ತಿ ವ್ಯರ್ಥ ಅಲ್ಲ. ಕೊನೇ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ವೇಗ ಮತ್ತು ಆರ್‌ಪಿಎಂ ಎರಡೂ ನೋಡಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿತು, ಗೇರೂ ಬದಲಾಗಿಲ್ಲ ಅಂದರೆ ಜಾರುತ್ತಿದೆ.

ಡಬ್ಬಿಯಲ್ಲಿ ನನಗೆ ಹಿಡಿಸದ್ದು ಅಂದರೆ, ನಮ್ಮ ಗಾಡಿಯಲ್ಲಿ ಸಾಕೆಟ್ ಮೊಣಕಾಲಿನ ಹತ್ತಿರ ಇದೆ, ಇದು ಚಾಚಿಕೊಂಡಿರುತ್ತದೆ, ಅಪ್ಪನ ಕಾಲಿಗೆ ತಾಗುತ್ತದೆ. ಫೋನಿಗೆ ಮೊದಲ ಸಲ ಕೂಡೋಕೆ ಎರಡು ಮೂರು ಬಾರಿ ಪ್ರಯತ್ನ ಬೇಕಾಯಿತು. ಜೊತೆಗೆ ಬರುವ ಕಾಗದ ಯಾವ ಉಪಯೋಗಕ್ಕೂ ಇಲ್ಲ. ಬಳಸದಿದ್ದಾಗ ತಾನೇ ಮಲಗಿಕೊಳ್ಳುತ್ತದೆ ಅನ್ನೋದು ನಿಜ, ಆದರೂ ಆ ಸಾಕೆಟ್ಟಿನಲ್ಲಿ ಕೀ ತೆಗೆದರೂ ಕರೆಂಟು ಇದ್ದೇ ಇರುತ್ತದೆ, ಹಾಗಾಗಿ ನಾನು ರಾತ್ರಿ ಕಿತ್ತಿಡುತ್ತೇನೆ. ಹಳೇ ನೀಲಿ ಡಬ್ಬಿಯಂತೂ ಮೂರು ದಿನ ಅಲ್ಲೇ ಮರೆತಿದ್ದಕ್ಕೆ ಬ್ಯಾಟರಿ ಇಳಿಸಿಹಾಕಿತ್ತು.

ಎಂಜಿನ್ ಕೋಡ್ ಮಾತ್ರ ನೋಡಿದರೆ ಸಾಕು ಅನ್ನುವವರಿಗೆ ಇಷ್ಟು ದುಡ್ಡು ಬೇಡ, ಅಗ್ಗದ್ದು ಸಾಕು. ಗೇರ್‌ಬಾಕ್ಸ್ ನೋಡಬೇಕು ಅಂದರೆ ಇದೇ ದರ್ಜೆಯದ್ದು ಬೇಕು. ಹಳೇ ಆಟೋಮ್ಯಾಟಿಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಳ್ಳೋಕೆ ಹೋಗುತ್ತಿದ್ದೀರಾದರೆ ಮೊದಲು ಇದನ್ನ ಕೊಂಡು, ಜೇಬಿನಲ್ಲಿಟ್ಟುಕೊಂಡೇ ಗಾಡಿ ನೋಡೋಕೆ ಹೋಗಿ. ಮಾರುವವರು ಆ ಬೆಳಿಗ್ಗೆಯೇ ಕೋಡ್ ಅಳಿಸಿದ್ದರೆ ಅದೂ ಗೊತ್ತಾಗುತ್ತದೆ, ಗಾಡಿಯ ಸ್ವಂತ ಪರೀಕ್ಷೆಗಳು "ಇನ್ನೂ ಮುಗಿದಿಲ್ಲ" ಅಂತ ಆ್ಯಪ್ ತೋರಿಸುತ್ತದೆ.

ನಮ್ಮ ಗಾಡಿಯಲ್ಲಿ ಒಂದು ಸಣ್ಣ ತೊಂದರೆ ಇನ್ನೂ ಇದೆ. ಬೆಳಿಗ್ಗೆ ತಣ್ಣಗಿರುವಾಗ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಸ್ವಲ್ಪ ಎಳೆತ. ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ತಂದು ಒಮ್ಮೆ ಬದಲಿಸಿದೆವು. ಹೋಂಡಾಗೆ ಡಿಡಬ್ಲ್ಯೂ-1, ಹುಂಡೈನ ಹಳೇ ನಾಲ್ಕು ಗೇರಿನವಕ್ಕೆ ಎಸ್‌ಪಿ-3 ಅಂತ ಒಂದೊಂದಕ್ಕೂ ಬೇರೆ ಬೇರೆ ಇರುತ್ತದೆ, ಅಂಗಡಿಯವರು "ಎಲ್ಲಕ್ಕೂ ಆಗುತ್ತೆ" ಅಂದರೂ ಒಪ್ಪಬೇಡಿ. ಕೆಳಗಿನ ಬೋಲ್ಟ್ ಬಿಚ್ಚಿದರೆ ಅರ್ಧದಷ್ಟು ಆಯಿಲ್ ಮಾತ್ರ ಇಳಿಯುತ್ತದೆ, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತದೆ. ಎಳೆತ ಅರ್ಧ ಕಮ್ಮಿಯಾಗಿದೆ. ಮುಂದಿನ ತಿಂಗಳು ಇನ್ನೊಮ್ಮೆ ಇಳಿಸಿ ತುಂಬಿಸುತ್ತೇವೆ. ಅಪ್ಪ ವಾರಕ್ಕೊಮ್ಮೆ ತೀರ್ಥಹಳ್ಳಿಗೆ ಹೋಗಿ ಬರುತ್ತಿದ್ದಾರೆ. ಏಳು ತಿಂಗಳಲ್ಲಿ ಸುಮಾರು 6,000 ಕಿಲೋಮೀಟರ್ ಆಯಿತು, ಪಿ0717 ಮತ್ತೆ ಬಂದಿಲ್ಲ. ಮನೆಗೆ ಬಂದ ಮೇಲೆ ಅವರೇ ಸ್ಕ್ಯಾನರ್ ಹಾಕಿ ನೋಡಿ, ಏನೂ ಇಲ್ಲ ಅಂತ ನನಗೆ ಸ್ಕ್ರೀನ್‌ಶಾಟ್ ಕಳಿಸುತ್ತಾರೆ.